ಹೊಳ್ಳು ಅಂದಳು ಕೆಂಚಿ

ಒಂದು ಕುರಿ ಹಿಂಡಂತೆ. ಬಯಲಲ್ಲಿ ಹೊರಟಿತ್ತಂತೆ. ಹಿಂಡಲ್ಲಿ ಎಲ್ಲರಿಗಿಂತ ಹಿಂದೆ ಕೆಂಚಿ ಅನ್ನೋ ಕುರಿ.

ಕೆಂಚಿ ಪಕ್ಕ ನೋಡಿದಳು. ಮರಿ ಇಲ್ಲ! ಜಾಲಿ ಗಿಡದ ನೆರಳಲ್ಲಿ ಮಲಗಿದ್ದ ಮರಿ ಅಲ್ಲೇ ಉಳಿದುಬಿಟ್ಟಿತ್ತು. ಹೊತ್ತು ಇಳಿಯುತ್ತಿತ್ತು. ತೋಳ ಬರೋ ಹೊತ್ತು. ಮರಿ ಹತ್ತಿರ ಹೋಗಬೇಕು. ಆದರೆ ಕುರಿ ಒಂಟಿಯಾಗಿ ಹೋಗೋದುಂಟೇ? ಉಂಟೇ, ಹೇಳಿ?

ಪಕ್ಕದಲ್ಲಿ ಕರಿಮೂತಿ ಇದ್ದಳು.

“ಅಕ್ಕಾ, ಹೊಳ್ಳು! ಹಿಂದಕ್ಕ ತಿರುಗು! ನನ್ನ ಮರಿ ಉಳದೈತಿ.”

“ನಾ ಒಬ್ಬಾಕಿ ಹೆಂಗ ಹೊಳ್ಳಲಿ? ಜೋಲುಕಿವಿ ಹೊಳ್ಳಿದ್ರ ನಾ ಹೊಳ್ಳತೀನಿ.”

ಕೆಂಚಿ ಜೋಲುಕಿವಿ ಹತ್ತಿರ ಓಡಿದಳು.

“ಚಿಗವ್ವಾ, ಹೊಳ್ಳು! ನೀ ಹೊಳ್ಳಿದ್ರ ಕರಿಮೂತಿ ಹೊಳ್ಳತಾಳ. ಕರಿಮೂತಿ ಹೊಳ್ಳಿದ್ರ ನನ್ನ ಮರಿ ಸಿಗತೈತಿ.”

“ಟಗರುಮಾವ ಹೊಳ್ಳಿದ್ರ ನಾ ಹೊಳ್ಳತೀನಿ.”

ಕೆಂಚಿ ಟಗರಿನ ಹತ್ತಿರ ಓಡಿದಳು.

“ಮಾವಾ, ಹೊಳ್ಳು! ನೀ ಹೊಳ್ಳಿದ್ರ ಜೋಲುಕಿವಿ ಹೊಳ್ಳತಾಳ. ಜೋಲುಕಿವಿ ಹೊಳ್ಳಿದ್ರ ಕರಿಮೂತಿ ಹೊಳ್ಳತಾಳ. ಕರಿಮೂತಿ ಹೊಳ್ಳಿದ್ರ ನನ್ನ ಮರಿ ಸಿಗತೈತಿ.”

ಟಗರು ಕೊಂಬು ಕುಣಿಸಿದ. ಜಂಬ ನೋಡಿ ಅವನದು! “ಮಾಳಪ್ಪಜ್ಜ ಹೊಳ್ಳಿದ್ರ ನಾ ಹೊಳ್ಳತೀನಿ.”

ಮಾಳಪ್ಪಜ್ಜ ಕುರಿ ಕಾಯುವವನು. ಹಿಂಡಿನ ಬೆನ್ನಿಗೇ ಬರ್ತಿದ್ದ, ಹೆಗಲ ಮೇಲೆ ಕಂಬಳಿ. ಕೆಂಚಿ ಅಲ್ಲಿಗೆ ಓಡಿದಳು.

“ಅಜ್ಜಾ, ಹೊಳ್ಳು! ನೀ ಹೊಳ್ಳಿದ್ರ ಟಗರುಮಾವ ಹೊಳ್ಳತಾನ. ಟಗರುಮಾವ ಹೊಳ್ಳಿದ್ರ ಜೋಲುಕಿವಿ ಹೊಳ್ಳತಾಳ. ಜೋಲುಕಿವಿ ಹೊಳ್ಳಿದ್ರ ಕರಿಮೂತಿ ಹೊಳ್ಳತಾಳ. ಕರಿಮೂತಿ ಹೊಳ್ಳಿದ್ರ ನನ್ನ ಮರಿ ಸಿಗತೈತಿ.”

ಅಜ್ಜ ನಕ್ಕ. “ನಾ ಎಲ್ಲಿ ಮುಂದ ಅದೀನಿ ತಾಯಿ? ಹಿಂಡು ಬಿಟ್ಟು ಹೆಂಗ ಬರ್ಲಿ? ಹಿಂಡಿನಾಗ ಎಲ್ಲಾರ ಹಿಂದ ನೀ. ನಿನ್ನ ನೋಡಿಕೋತ ನಾ. ನೀ ಹೊಳ್ಳಿದ್ರ ನಾ ಹೊಳ್ಳತೀನಿ.”

“ನಾನಾ?”

“ನೀನ!”

“ಅಷ್ಟನಾ! ಹಂಗಾದ್ರ ನೋಡು!”

ಕೆಂಚಿ ಗಕ್ಕನೆ ಹೊಳ್ಳಿದಳು. ಕೆಂಚಿ ಹೊಳ್ಳಿದ್ದು ನೋಡಿ ಮಾಳಪ್ಪಜ್ಜ ಹೊಳ್ಳಿದ. ಮಾಳಪ್ಪಜ್ಜ ಹೊಳ್ಳಿದ್ದು ನೋಡಿ ಟಗರುಮಾವ ಹೊಳ್ಳಿದ. ಟಗರುಮಾವ ಹೊಳ್ಳಿದ್ದು ನೋಡಿ ಜೋಲುಕಿವಿ ಹೊಳ್ಳಿದಳು. ಜೋಲುಕಿವಿ ಹೊಳ್ಳಿದ್ದು ನೋಡಿ ಕರಿಮೂತಿ ಹೊಳ್ಳಿದಳು. ಪಕ್ಕದವರು ಹೊಳ್ಳಿದರು. ಪಕ್ಕದವರ ಪಕ್ಕದವರೂ ಹೊಳ್ಳಿದರು. ಹೋಗ್ತಿದ್ದ ಹಿಂಡು ಬರೋ ಹಿಂಡಾಯ್ತು!

ಜಾಲಿ ಗಿಡದ ಹತ್ತಿರ ತೋಳ ಬಂದೇಬಿಟ್ಟಿತ್ತು. ಇಷ್ಟು ದೊಡ್ಡ ಹಿಂಡು ದಡದಡ ಬರೋದು ನೋಡಿತು. ಓಟ ಕಿತ್ತಿತು.

ಮರಿ ಕಣ್ಣುಬಿಟ್ಟಿತು. “ಇಷ್ಟ ಮಂದಿನ್ನ ಯಾರು ಹೊಳ್ಳಿಸಿದ್ರು?”

“ಜೋಲುಕಿವಿ,” ಅಂದಳು ಕರಿಮೂತಿ.

“ಟಗರುಮಾವ,” ಅಂದಳು ಜೋಲುಕಿವಿ.

“ಮಾಳಪ್ಪಜ್ಜ,” ಅಂದ ಟಗರುಮಾವ.

“ನಿಮ್ಮವ್ವ,” ಅಂದ ಮಾಳಪ್ಪಜ್ಜ.

ಅವ್ವ ಮರಿಯ ಮೈ ನೆಕ್ಕಿದಳು. “ಹಾಲು ಕುಡಿ,” ಅಂದಳು, ಅಷ್ಟೇ.

ಮರಿ ಕುಡೀತು. ನೀವೂ ಕುಡೀರಿ, ಏಳಿ!