ಕೊಂಬಕ್ಕನ ಮಣ್ಣಿನ ಗೋಡೆ

ದೊಡ್ಡ ಹೊಳೆಯೊಂದರ ದಂಡೆಗೆ ಹಬ್ಬಿದ್ದ ಕಾಡಿನಲ್ಲಿ ಒಂದು ಹಳೆಯ ಮತ್ತಿಮರವಿತ್ತು. ಆ ಮರದ ಪೊಟರೆಯಲ್ಲಿ ಕೊಂಬಕ್ಕ ಎಂಬ ಮಂಗಟ್ಟೆ ಹಕ್ಕಿ ಎರಡು ಮೊಟ್ಟೆ ಇಟ್ಟು ಕಾವಿಗೆ ಕೂತಿದ್ದಳು. ಮಂಗಟ್ಟೆಗಳ ಪದ್ಧತಿಯೇ ಬೇರೆ. ಮೊಟ್ಟೆ ಇಡುವ ಕಾಲಕ್ಕೆ ತಾಯಿ ಪೊಟರೆಯೊಳಗೆ ಹೋಗಿ, ಬಾಗಿಲಿಗೆ ಮಣ್ಣಿನ ಗೋಡೆ ಕಟ್ಟಿಕೊಳ್ಳುತ್ತಾಳೆ. ಕೊಕ್ಕು ಹೊರಬರುವಷ್ಟು ಒಂದು ಸೀಳು ಮಾತ್ರ ಬಿಡುತ್ತಾಳೆ. ಒಳಗೆ ಕೂತಿದ್ದಾಗ ಅವಳ ರೆಕ್ಕೆಯ ದೊಡ್ಡ ಗರಿಗಳೆಲ್ಲ ಉದುರಿಹೋಗುತ್ತವೆ. ಹೊಸ ಗರಿ ಬರುವತನಕ ಹಾರುವ ಮಾತೇ ಇಲ್ಲ. ಗಂಡ ದಾಸಪ್ಪ ದಿನವೂ ಅತ್ತಿಹಣ್ಣು ತಂದು ಆ ಸೀಳಿನ ಮೂಲಕ ಅವಳಿಗೆ ಉಣಿಸುತ್ತಿದ್ದ.

ಒಂದು ಸಂಜೆ ಭಾರಿ ಬಿರುಗಾಳಿ ಎದ್ದಿತು. ಎಷ್ಟೋ ಮರಗಳು ಬುಡಮೇಲಾದವು. ಮತ್ತಿಮರದ ತುದಿ ಲಟಲಟನೆ ಮುರಿಯಿತು. ಅದು ಬೀಳುವಾಗ ಕೊಂಬಕ್ಕನ ಗೋಡೆಯನ್ನೂ ಕೆಡವಿಕೊಂಡು ಹೋಯಿತು. ಮಳೆಯ ನೀರು ನೇರವಾಗಿ ಒಳಗೇ ನುಗ್ಗಿತು. ಕೊಂಬಕ್ಕ ಮೊಟ್ಟೆಗಳ ಮೇಲೆ ಮೈಚಾಚಿ ಕೂತವಳು ಬೆಳಗಾಗುವವರೆಗೂ ಕದಲಲಿಲ್ಲ.

ಬೆಳಗಾದಾಗ ಅವಳಿಗೆ ಅಳು ಬಂತು, ಸುಳ್ಳೇಕೆ ಹೇಳಬೇಕು? ಆದರೆ ಅತ್ತದ್ದು ಒಂದೇ ಗಳಿಗೆ. ಎಂಥ ಗಟ್ಟಿಗಿತ್ತಿ ನೋಡಿ! ಮೊದಲು ಮೊಟ್ಟೆಗಳನ್ನು ಮುಟ್ಟಿ ನೋಡಿದಳು. ಎರಡೂ ಬೆಚ್ಚಗಿದ್ದವು. ಒಳಗಿದ್ದ ಒದ್ದೆ ಚಕ್ಕೆಗಳನ್ನೆಲ್ಲ ಕೊಕ್ಕಿನಲ್ಲಿ ಹೆಕ್ಕಿ ಹೊರಗೆಸೆದಳು. ದಾಸಪ್ಪನಿಂದ ಅಗಲವಾದ ತೇಗದ ಎಲೆ ತರಿಸಿ, ಸದ್ಯಕ್ಕಿರಲಿ ಎಂದು ಬಾಗಿಲಿಗೆ ಅಡ್ಡ ಸಿಕ್ಕಿಸಿದಳು.

“ಹೋಗಿ ಮಣ್ಣು ತರ್ತೀನಿ. ಈಗಲೇ ಗೋಡೆ ಕಟ್ಟಿಬಿಡು,” ಎಂದು ದಾಸಪ್ಪ ಚಡಪಡಿಸಿದ.

“ಸ್ವಲ್ಪ ತಡೀರಿ. ಮರವೇ ಗಟ್ಟಿ ಇಲ್ಲದಿದ್ರೆ ಗೋಡೆ ಕಟ್ಟಿ ಏನು ಬಂತು? ಮೊದಲು ಕುಟಿಗಜ್ಜನನ್ನ ಕರೀರಿ,” ಎಂದಳು ಕೊಂಬಕ್ಕ.

ಕುಟಿಗಜ್ಜ ಎಂದರೆ ಪಕ್ಕದ ಮರದ ಮುದಿ ಮರಕುಟಿಗ. ಕೊಕ್ಕಿನಿಂದ ಬಡಿದು, ಸದ್ದು ಕೇಳಿಯೇ ಮರದ ಹೊಟ್ಟೆಯೊಳಗಿನ ಸಂಗತಿ ಹೇಳುವವನು. ಅವನು ಬುಡದಿಂದ ಮೇಲಿನವರೆಗೆ ಟಕ್ ಟಕ್ ಎಂದು ಬಡಿಯುತ್ತ ಬಂದ.

“ಕಾಂಡ ಗಟ್ಟಿ ಇದೆಯಮ್ಮ, ಭಯ ಬೇಡ. ಆದ್ರೆ ನಿನ್ನ ಬಾಗಿಲ ಮುಂದಿನ ಕೊಂಬೆ ಇದೆಯಲ್ಲ, ನೋಡೋಕೆ ಚೆನ್ನಾಗಿದೆ, ಒಳಗೆ ಬಿರುಕು ಬಿಟ್ಟಿದೆ. ಅದರ ಮೇಲೆ ಯಾರೂ ಕಾಲಿಡಬೇಡಿ,” ಎಂದು ಹೇಳಿ ತನ್ನ ಮರಕ್ಕೆ ಹೋದ. ಆಮೇಲೆ ದಾಸಪ್ಪ ಕೆಮ್ಮಣ್ಣು ತರಲು ಹೊಳೆಯ ದಂಡೆಗೆ ಹಾರಿದ.

ಅವನು ಹೋದದ್ದೇ ತಡ, ಕಾಂಡದ ಮೇಲೆ ಸರಸರ ಸದ್ದಾಯಿತು. ಉಡಪ್ಪ ಎಂಬ ಉಡ ಹತ್ತಿ ಬರುತ್ತಿದ್ದ. ಆ ಮೊಟ್ಟೆಗಳ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು. ಆದರೆ ಕೊಂಬಕ್ಕನ ಕೊಕ್ಕಿನ ರುಚಿಯನ್ನು ಹಿಂದೊಮ್ಮೆ ಕಂಡಿದ್ದ. ಅದಕ್ಕೇ ಈ ಸಲ ಬೆಣ್ಣೆಯಂಥ ಮಾತು ಹೊತ್ತು ಬಂದಿದ್ದ.

“ಅಯ್ಯೋ ಅಕ್ಕಾ, ಎಂಥ ಗತಿ ಬಂತು ನಿಮ್ಮನೆಗೆ! ನೋಡಿ ಕರುಳು ಚುರುಕ್ ಅಂತು. ಗಾಳಿಗೆ ಕೆಟ್ಟ ಮನೆ ರಿಪೇರಿ ಮಾಡೋದೇ ನನ್ನ ಕಸುಬು. ಈ ಕಾಡಿನ ಮಂಗಟ್ಟೆ ಮನೆಗಳೆಲ್ಲ ನನ್ನ ಕೈಯಲ್ಲೇ ಆದದ್ದು. ಮೊಟ್ಟೆಗಳನ್ನ ನನ್ನ ಹತ್ರ ಕೊಡಿ. ಬಿಲದಲ್ಲಿ ಬೆಚ್ಚಗಿಟ್ಟಿರ್ತೀನಿ. ಸಂಜೆಯೊಳಗೆ ಗೋಡೆ ಎಬ್ಬಿಸಿ ಕೊಡ್ತೀನಿ.”

“ನಮ್ಮನೆಯವರು ಬರಲಿ ತಡಿಯಪ್ಪ. ಅವರನ್ನೊಂದು ಮಾತು ಕೇಳ್ತೀನಿ.”

“ಅಷ್ಟು ಹೊತ್ತು ಎಲ್ಲಿದೆ ಅಕ್ಕಾ? ಮೋಡ ನೋಡಿ! ಸಂಜೆಗೆ ಮತ್ತೆ ಮಳೆ ಗ್ಯಾರಂಟಿ. ಹೂಂ ಅನ್ನೋದಾದ್ರೆ ಈಗಲೇ ಅನ್ನಿ. ಇಲ್ಲಾಂದ್ರೆ ನಾನು ಹೊರಟೆ. ನನಗೆ ಇನ್ನೂ ಹತ್ತು ಮನೆ ಕೆಲಸ ಇದೆ.”

ಕೊಂಬಕ್ಕ ಆಕಾಶ ನೋಡಿದಳು. ಮೋಡ ನಿಜವಾಗಿಯೂ ಕಪ್ಪಗೆ ಕವಿಯುತ್ತಿತ್ತು. ತೇಗದ ಎಲೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಇನ್ನೊಂದು ಮಳೆ ಒಳಗೆ ಬಂದರೆ ಮೊಟ್ಟೆಗಳು ತಣ್ಣಗಾದಂತೆಯೇ. ಕೊಟ್ಟುಬಿಡಲೇ ಎಂದು ಒಮ್ಮೆ ಅನ್ನಿಸಿಯೂಬಿಟ್ಟಿತು. ಆದರೂ ಬಾಯಿಗೆ ಬಂದ ‘ಹೂಂ’ ಅನ್ನು ನುಂಗಿಕೊಂಡು ಕೇಳಿದಳು, “ಗೋಡೆ ಹೇಗೆ ಮೆತ್ತುತ್ತೀಯಪ್ಪ?”

“ಅದೇನು ಮಹಾ ವಿದ್ಯೆ! ಹೊರಗೆ ಕೂತು ನಾಲ್ಕು ಉಂಡೆ ಮಣ್ಣು ಬಡಿದ್ರೆ ಮುಗೀತು. ಎಲ್ಲ ಮಂಗಟ್ಟೆ ಮನೆಗೂ ಹಾಗೇ ಮಾಡಿದ್ದು.”

ಕೊಂಬಕ್ಕನಿಗೆ ಹೋದ ಜೀವ ಬಂದಂತಾಯಿತು. ಮಂಗಟ್ಟೆ ಮನೆಯ ಗೋಡೆಯನ್ನು ಹೊರಗೆ ಕೂತು ಯಾರು ಮೆತ್ತುತ್ತಾರೆ? ಗಂಡ ತಂದ ಮಣ್ಣಿಗೆ ಹಣ್ಣಿನ ತಿರುಳು ಕಲಸಿ, ತಾಯಿಯೇ ಒಳಗೆ ಕೂತು ಮೆತ್ತಬೇಕು. ಅವಳ ಅಮ್ಮನೂ ಹಾಗೆಯೇ ಮೆತ್ತಿದ್ದಳು, ಅಜ್ಜಿಯೂ ಹಾಗೆಯೇ. ಈ ಮಹಾರಾಯ ಮಂಗಟ್ಟೆ ಮನೆ ಕಟ್ಟಿದ್ದು ಹಾಗಿರಲಿ, ಕಟ್ಟುವುದನ್ನು ಕಣ್ಣಿನಿಂದ ನೋಡಿಯೂ ಇರಲಿಲ್ಲ.

“ಮೊಟ್ಟೆ ಕೊಡಲ್ಲಪ್ಪ. ನೀನು ಹೊರಡು. ಮತ್ತೆ, ಆ ಮುಂದಿನ ಕೊಂಬೆ ಮೇಲೆ ಕಾಲಿಡಬೇಡ. ಒಳಗೆ ಬಿರುಕು ಬಿಟ್ಟಿದೆ ಅಂತ ಕುಟಿಗಜ್ಜ ಹೇಳಿದಾನೆ,” ಎಂದಳು. ಮನೆ ದೋಚಲು ಬಂದವನಿಗೂ ನಿಜ ಹೇಳಿದಳು. ಅದು ಅವಳ ದೊಡ್ಡತನ.

ಆದರೆ ಉಡಪ್ಪ ಅವಳನ್ನು ನಂಬಿದರೆ ತಾನೆ? ಕೊಂಬೆ ಹತ್ತಿದರೆ ಮೊಟ್ಟೆ ಕೈಗೆ ಸಿಗುತ್ತದೆಂದೇ ಇವಳು ಹೆದರಿಸುತ್ತಿದ್ದಾಳೆ ಎಂದುಕೊಂಡ.

“ಆ ಮುದುಕನಿಗೇನು ಗೊತ್ತು? ಬರುವಾಗಲೇ ಮರವನ್ನೆಲ್ಲ ಪರೀಕ್ಷೆ ಮಾಡಿದೀನಿ. ಈ ಕೊಂಬೆ ಕಬ್ಬಿಣ ಅಕ್ಕಾ, ಕಬ್ಬಿಣ!” ಎಂದವನೇ ಅದರ ಮೇಲೆ ಹಾರಿ, ನಾಲ್ಕೂ ಕಾಲಿನಿಂದ ಭದ್ರವಾಗಿ ಅಪ್ಪಿಹಿಡಿದ.

ಕೊಂಬೆ ಲಟಕ್ಕೆಂದು ಮುರಿಯಿತು. ಉಡ ಹಿಡಿದ ಪಟ್ಟು ಬಿಡುವುದುಂಟೇ? ಕೊಂಬೆ ಹೋದಲ್ಲಿಗೆ ಅವನೂ ಹೋದ. ಕೆಳಗಿನ ಮುಳ್ಳುಪೊದೆಯಲ್ಲಿ ದೊಪ್ಪೆಂದು ಬಿದ್ದು, ಮೈಯೆಲ್ಲ ಮುಳ್ಳು ಚುಚ್ಚಿಸಿಕೊಂಡು, ಕುಂಟುತ್ತ ಕಾಲಿಗೆ ಬುದ್ಧಿ ಹೇಳಿದ.

“ಕಬ್ಬಿಣ ಹೇಗಿತ್ತು ಉಡಪ್ಪಾ?” ಎಂದು ಪಕ್ಕದ ಮರದಿಂದ ಕುಟಿಗಜ್ಜ ಕೂಗಿ ಕೇಳಿದ.

ಅಷ್ಟರಲ್ಲಿ ದಾಸಪ್ಪ ಕೊಕ್ಕಿನ ತುಂಬ ಕೆಮ್ಮಣ್ಣು ಕಚ್ಚಿಕೊಂಡು ಬಂದ. ಕೆಳಗೆ ಬಿದ್ದಿದ್ದ ಕೊಂಬೆ ನೋಡಿ ಗಾಬರಿಯಾದ.

“ಆ ಕತೆ ಆಮೇಲೆ ಹೇಳ್ತೀನಿ. ಮೊದಲು ಮಣ್ಣು ಕೊಡಿ,” ಎಂದಳು ಕೊಂಬಕ್ಕ.

ಅವನು ಹೊಳೆಗೂ ಮರಕ್ಕೂ ಹಾರಿದ್ದೇ ಹಾರಿದ್ದು, ಅವಳು ಒಳಗೆ ಕೂತು ಮೆತ್ತಿದ್ದೇ ಮೆತ್ತಿದ್ದು. ಇಳಿಹೊತ್ತಿಗೆ ಗೋಡೆ ಎದ್ದು ನಿಂತಿತು. ಸಂಜೆ ಧೋ ಎಂದು ಮಳೆ ಸುರಿಯಿತು. ಉಡಪ್ಪ ಹೇಳಿದ್ದರಲ್ಲಿ ನಿಜವಾದದ್ದು ಅದೊಂದೇ. ಪೊಟರೆಯೊಳಗೆ ಮಾತ್ರ ಒಂದು ಹನಿಯೂ ಬೀಳಲಿಲ್ಲ. ಕೊಂಬಕ್ಕ ಕಣ್ಣು ಮುಚ್ಚಿ ಮಳೆಯ ಸದ್ದು ಕೇಳುತ್ತಿದ್ದಳು. ಆಗ ಅವಳ ಎದೆಯಡಿಯಿಂದ, ಒಂದು ಮೊಟ್ಟೆಯೊಳಗಿಂದ, ಟಿಕ್ ಟಿಕ್ ಎಂದು ಯಾರೋ ಮೆಲ್ಲಗೆ ಬಡಿದದ್ದು ಕೇಳಿಸಿತು.

ನೀತಿ: ಬಿರುಗಾಳಿಗೆ ಮನೆ ಕೆಟ್ಟಾಗ ಧೈರ್ಯ ಕೆಡಬಾರದು. ಮೊದಲು ನಾವೇ ನೋಡಬೇಕು, ಬಲ್ಲವರನ್ನು ಕೇಳಬೇಕು. ಅವಸರ ಮಾಡಿ ಮರುಳು ಮಾಡುವವರ ಕೈಗೆ ಮನೆಯನ್ನು ಒಪ್ಪಿಸಬಾರದು.