ಕಡಲಾಚೆಯ ಕೂಸಿಗೆ ಅಂಗಿ

"ಬುದ್ಧೀ, ಬರುತ್ತದೋ ಇಲ್ಲವೋ ಗೊತ್ತಿಲ್ಲದ ಮಗುವಿಗೆ ಮನಸ್ಸು ಕೊಡಬಹುದೇ?"

ಕೇಳಿದವಳು ದಾಕ್ಷಾಯಿಣಿ. ಹೊರದೇಶದ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡನೂ ಅಲ್ಲೇ ಇದ್ದಾನೆ. ಇಲ್ಲಿಂದ ಒಂದು ಮಗುವನ್ನು ದತ್ತು ತೆಗೆದುಕೊಳ್ಳಲು ಇಬ್ಬರೂ ಅರ್ಜಿ ಹಾಕಿ ನಾಲ್ಕು ವರ್ಷವಾಗಿತ್ತು. ಶಿಶುಮಂದಿರದ ಒಂದು ಹೆಣ್ಣುಮಗುವನ್ನು ತೋರಿಸಿ, ಇದೇ ನಿಮ್ಮದು ಎಂದು ಫೋಟೊ ಕಳಿಸಿ ಒಂದೂವರೆ ವರ್ಷವಾಗಿತ್ತು. ಈ ದೇಶದ ಕಾಗದ ಸರಿಹೋದಾಗ ಆ ದೇಶದ ಕಾಗದದ ಅವಧಿ ಮುಗಿದಿರುತ್ತಿತ್ತು. ಅದನ್ನು ಹೊಸದು ಮಾಡಿಸುವಷ್ಟರಲ್ಲಿ ಇಲ್ಲಿ ವಿಚಾರಣೆ ಮುಂದೆ ಹೋಗುತ್ತಿತ್ತು. ಈ ಸಲ ರಜೆ ಹಾಕಿ ಬಂದವಳಿಗೂ ಸಿಕ್ಕಿದ್ದು ಮುಂದಿನ ತಾರೀಖು.

ಮಠದ ಸ್ವಾಮಿಗಳಾದ ಬುದ್ಧಿಯವರು ದಾಸೋಹಕ್ಕೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ಕೊಡಬೇಡ ಅಂದವರು ಯಾರು?"

"ಎಲ್ಲರೂ, ಬುದ್ಧೀ. ಅಮ್ಮ, ಅತ್ತೆ, ಕೊನೆಗೆ ವಕೀಲರು ಕೂಡ. ಕೈಗೆ ಸೇರುವ ತನಕ ಹಚ್ಚಿಕೊಳ್ಳಬೇಡ, ಆಮೇಲೆ ತಡಕೊಳ್ಳೋಕೆ ಆಗಲ್ಲ ಅಂತಾರೆ. ನಾಳೆ ಒಂದು ಗಂಟೆ ಮಗುವನ್ನು ನೋಡೋಕೆ ಬಿಡ್ತಾರಂತೆ. ನಾಡಿದ್ದು ನನ್ನ ವಿಮಾನ. ಹೋಗಿ, ಎತ್ತಿಕೊಂಡು, ಆಮೇಲೆ ಕೊಡಲ್ಲ ಅಂದುಬಿಟ್ಟರೆ ನಾನು ಬದುಕಲ್ಲ. ಹೋಗದೇ ಇರೋದೇ ವಾಸಿ ಅನ್ನಿಸುತ್ತೆ. ಹೋಗಲೋ ಬೇಡವೋ, ನೀವೇ ಹೇಳಿ."

"ಹೇಳೋಕೆ ನಾನೇನು ನಿನ್ನ ವಕೀಲನೇ? ಕೂತುಕೋ. ಕೈ ಸುಮ್ಮನೆ ಇಡಬೇಡ, ಕಾಯಿ ಬಿಡಿಸು," ಎಂದು ಬುದ್ಧಿಯವರು ಒಂದಷ್ಟು ಅವರೆಕಾಯಿ ಅವಳ ಮುಂದೆ ತಳ್ಳಿದರು. ಆಮೇಲೆ ಈ ಕತೆ ಹೇಳಿದರು.

ಕಡಲ ದಡದ ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಊರಿಗೆಲ್ಲ ಅಂಗಿ ಹೊಲಿಯುತ್ತಿದ್ದ. ಗುಂಡಿಗೆ ಕಾಜಾ ಹಾಕುವುದು, ಅಂಚು ಮಡಿಸಿ ಹೊಲಿಯುವುದು ಹೆಂಡತಿಯ ಕೆಲಸ. ಅವಳು ಎಡಗೈಯವಳು. ಬೇರೆಯವರ ಹೊಲಿಗೆ ಬಲಕ್ಕೆ ವಾಲಿದರೆ ಅವಳದು ಎಡಕ್ಕೆ ವಾಲುತ್ತಿತ್ತು. ಸಾವಿರ ಅಂಗಿಯ ನಡುವೆ ಇಟ್ಟರೂ ಅವಳ ಹೊಲಿಗೆಯನ್ನು ಗಂಡ ಗುರುತು ಹಿಡಿಯುತ್ತಿದ್ದ.

ಅವರಿಗೆ ಒಂದು ಕೂಸು ಹುಟ್ಟಿ ಹನ್ನೊಂದು ದಿನಕ್ಕೆ ತೀರಿಕೊಂಡಿತು. ದರ್ಜಿ ಖುಷಿ ತಡೆಯಲಾರದೆ ಮೊದಲೇ ಅದಕ್ಕೊಂದು ಟೊಪ್ಪಿಗೆ ಹೊಲಿದಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರೆ ಇನ್ನೇನಾಗುತ್ತೆ, ಅಂದಿತು ಊರು. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಆದರೆ ದರ್ಜಿ ಆ ಮಾತನ್ನು ನಂಬಿಬಿಟ್ಟ. ಕೂಸನ್ನು ಕೊಂದದ್ದು ತನ್ನ ಸೂಜಿಯೇ ಅಂದುಕೊಂಡ. ಮುಂದೆ ಅವರಿಗೆ ಮಕ್ಕಳಾಗಲಿಲ್ಲ.

ಕಡಲಾಚೆ ಒಂದು ದ್ವೀಪ. ಅಲ್ಲಿ ಬೇರೆ ದೊರೆ, ಬೇರೆ ಮಾತು. ಒಂದು ವರ್ಷ ಅಲ್ಲಿ ಜ್ವರ ಬಂದು ಎಷ್ಟೋ ಮನೆಗಳು ಹಾಳುಬಿದ್ದವು. ಉಳಿದ ಮಕ್ಕಳನ್ನು ಒಂದು ಮನೆಯಲ್ಲಿಟ್ಟು ಸಾಕುತ್ತಿದ್ದರು. ಅವರಲ್ಲಿ ಆರು ತಿಂಗಳ ಒಂದು ಹೆಣ್ಣುಕೂಸನ್ನು ದರ್ಜಿಯ ಮನೆಗೆ ಕೊಡಬಹುದೆಂದು ಹಡಗಿನವನ ಕೈಲಿ ಸುದ್ದಿ ಬಂತು. ಗಂಡ ಹೆಂಡತಿ ಇಬ್ಬರೂ ಆಗಲಿ ಅಂದರು. ಆಗಲಿ ಅಂದ ಮಾತ್ರಕ್ಕೆ ಆಗಿಬಿಡುತ್ತದೆಯೇ? ಎರಡು ದೊರೆಗಳ ಮೊಹರು ಬೀಳಬೇಕು. ಹಡಗು ಬರುವುದು ವರ್ಷಕ್ಕೆ ಎರಡೇ ಸಲ.

ಮುಂದಿನ ಹಡಗಿನಲ್ಲಿ ಕೂಸು ಬರಲಿಲ್ಲ, ಒಂದು ಕಾಗದ ಬಂತು. ನಿಮ್ಮ ಮನೆಗೆ ಎಷ್ಟು ಕಿಟಕಿ? ಬರೆದು ಕಳಿಸಿದರು. ಎರಡನೆಯ ಹಡಗಿನಲ್ಲಿ ಇನ್ನೊಂದು ಕಾಗದ. ಬಾವಿಗೆ ಕಟ್ಟೆ ಇದೆಯೇ? ಇದೆ ಎಂದು ಬರೆದರು. ಮೂರನೆಯದು ಬರುವಷ್ಟರಲ್ಲಿ ಅಲ್ಲಿನ ಅಧಿಕಾರಿ ಬದಲಾಗಿದ್ದ. ಹೊಸಬ ಮತ್ತೆ ಕಿಟಕಿಯಿಂದ ಶುರು ಮಾಡಿದ. ನಗಬೇಡ, ನಿನ್ನ ಕಾಗದಗಳೇನು ಇದಕ್ಕಿಂತ ವಾಸಿಯೇ?

ಮೊದಲ ಕಾಗದ ಬಂದ ದಿನವೇ ಹೆಂಡತಿ ತುಂಡುಬಟ್ಟೆ ಜೋಡಿಸಿ ಒಂದು ಪುಟ್ಟ ಅಂಗಿ ಹೊಲಿದಳು. ದರ್ಜಿಯ ಮುಖ ಕಪ್ಪಿಟ್ಟಿತು.

"ಮತ್ತೆ ಅದೇ ತಪ್ಪು ಮಾಡ್ತೀಯಲ್ಲೇ! ಕೂಸು ಬರಲಿ, ಆಮೇಲೆ ಹೊಲಿಯೋಣ," ಅಂದ.

"ಬಂದಿಲ್ಲ, ನಿಜ. ಹುಟ್ಟಿ ಆಗಿದೆಯಲ್ಲ? ಅಲ್ಲಿ ಅದಕ್ಕೆ ಚಳಿ ಆಗಲ್ವಾ?" ಅಂದಳು ಅವಳು. ಅಂಗಿಯನ್ನು ಹಡಗಿನವನ ಕೈಲಿ ಕಳಿಸಿಕೊಟ್ಟಳು.

ಅಂದಿನಿಂದ ಬಂದ ಹಡಗಿಗೆಲ್ಲ ಒಂದೊಂದು ಅಂಗಿ. ಅಳತೆ ಕೊಡುವವರು ಯಾರು? ಬೀದಿಯಲ್ಲಿ ಅದೇ ವಯಸ್ಸಿನ ಮಗು ಕಂಡರೆ ನಿಲ್ಲಿಸಿ ಗೇಣು ಹಾಕಿ ನೋಡುತ್ತಿದ್ದಳು. ಕೆಲವರು ಅಯ್ಯೋ ಪಾಪ ಅಂದರು. ಕೆಲವರು ಮಕ್ಕಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದರು.

ದರ್ಜಿ ಮಾತ್ರ ಆ ಬಟ್ಟೆ ಮುಟ್ಟಲಿಲ್ಲ. ಹಬ್ಬಕ್ಕೆ ಊರ ಮಕ್ಕಳಿಗೆಲ್ಲ ಹೊಲಿದ ಕೈ ಆ ಒಂದು ಕೂಸಿಗೆ ಸೂಜಿ ಹಿಡಿಯಲಿಲ್ಲ. ಅದರ ಹೆಸರನ್ನೂ ಅವನು ಬಾಯಿಗೆ ತಂದುಕೊಳ್ಳಲಿಲ್ಲ. ಬೇಡವಾಗಿತ್ತು ಅಂತಲ್ಲ. ಹಡಗು ಕಂಡ ದಿನ ಅವನು ಅಳತೆ ತಪ್ಪಿ ಬಟ್ಟೆ ಕತ್ತರಿಸುತ್ತಿದ್ದ. ತಾನು ಮುಟ್ಟಿದರೆ ಇದೂ ಹೋಗಿಬಿಡುತ್ತದೆ ಎಂಬ ಹೆದರಿಕೆ. ಹೆದರಿದವರು ಯಾವಾಗಲೂ ಬುದ್ಧಿವಂತರ ಹಾಗೆ ಮಾತಾಡುತ್ತಾರೆ, ನೋಡು. ಯಾರು ಕೇಳಿದರೂ 'ಬಂದಾಗ ನೋಡೋಣ' ಅನ್ನುತ್ತಿದ್ದ.

ಹೀಗೆ ಆರು ವರ್ಷ ಕಳೆಯಿತು. ಹನ್ನೆರಡು ಹಡಗು ಬಂದವು, ಹನ್ನೊಂದು ಅಂಗಿ ಹೋದವು. ಹನ್ನೆರಡನೆಯ ಹಡಗು ತಂದ ಕಾಗದದಲ್ಲಿ ಪ್ರಶ್ನೆಯೇ ಇರಲಿಲ್ಲ. ವಿಷಯವನ್ನು ಮೊದಲಿಂದ ಪರಿಶೀಲಿಸಬೇಕಾಗಿದೆ, ಎಂದಷ್ಟೇ ಇತ್ತು. ಹೆಂಡತಿ ಅದನ್ನು ಓದಿಸಿ ಕೇಳಿ ಒಲೆಯ ಮುಂದೆ ಕುಸಿದು ಕೂತಳು. ಆರು ವರ್ಷ ಅಳದವಳು ಅಂದು ಅತ್ತಳು. ಹೊಲಿದಿಟ್ಟ ಅಂಗಿಯಿರಲಿಲ್ಲ, ಹೊಲಿಯಲು ಕೈಯೂ ಬರಲಿಲ್ಲ.

ದರ್ಜಿಗೆ ರೋಷ ಬಂತು. "ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ನಿನ್ನ ಪ್ರೀತಿ. ನಾನೇ ಹೋಗಿ ಕೇಳ್ತೀನಿ. ಕೊಡ್ತೀರೋ ಇಲ್ಲವೋ, ಒಂದೇ ಮಾತು. ಇಲ್ಲ ಅಂದರೆ ಅಲ್ಲಿಗೆ ಮುಗೀತು," ಎಂದು ಅದೇ ಹಡಗು ಹತ್ತಿದ.

ದ್ವೀಪದಲ್ಲಿ ಅಧಿಕಾರಿಯ ಬಾಗಿಲಲ್ಲಿ ಮೂರು ದಿನ ಕಾದ. ಆ ಮನುಷ್ಯ ಕೊಡುತ್ತೇನೆ ಅನ್ನಲಿಲ್ಲ, ಕೊಡುವುದಿಲ್ಲ ಅಂತಲೂ ಅನ್ನಲಿಲ್ಲ. ದೊರೆಗೆ ಬರೆದಿದ್ದೇನೆ, ಅಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕೆಟ್ಟವನೇನಲ್ಲ. ಇಷ್ಟು ದೂರ ಬಂದಿದ್ದೀಯ, ಮಗುವನ್ನಾದರೂ ನೋಡಿ ಹೋಗು, ಅಂದ. ದರ್ಜಿ ಬೇಡ ಅಂದ. ನೋಡಿದರೆ ಬಿಟ್ಟು ಬರಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಇಲ್ಲಿ ದಾಕ್ಷಾಯಿಣಿಯ ಕೈ ನಿಂತಿತು.

"ಕಾಯಿ ಬಿಡಿಸು," ಅಂದರು ಬುದ್ಧಿಯವರು. ಕತೆ ಮುಂದುವರಿಸಿದರು.

ಹಡಗಿಗೆ ಹೋಗುವ ದಾರಿ ಆ ಮಕ್ಕಳ ಮನೆಯ ಮುಂದೆಯೇ ಇತ್ತು. ಜೊತೆಗೆ ಹಡಗಿನವನಿದ್ದ. ದರ್ಜಿ ಯಾರ ಮುಖವನ್ನೂ ನೋಡಬಾರದೆಂದು ತಲೆ ತಗ್ಗಿಸಿ ನಡೆದ. ಆದರೆ ದರ್ಜಿಯ ಕಣ್ಣು ನೋಡುವುದು ಮುಖವನ್ನಲ್ಲ, ಬಟ್ಟೆಯನ್ನು. ಅಂಗಳದಲ್ಲಿ ಆಡುತ್ತಿದ್ದ ಒಂದು ಮಗುವಿನ ಅಂಗಿಯ ಅಂಚಿನಲ್ಲಿ ಹೊಲಿಗೆ ಎಡಕ್ಕೆ ವಾಲಿತ್ತು. ಅವನು ನಿಂತ. ಇನ್ನೊಂದು ಮಗು ಓಡಿ ಬಂತು. ಅದರದೂ ಅದೇ ಹೊಲಿಗೆ. ಅದರ ಹಿಂದೆ ಮತ್ತೊಂದು. ಏಳೆಂಟು ಮಕ್ಕಳು ಅವನ ಹೆಂಡತಿ ಹೊಲಿದ ಅಂಗಿ ತೊಟ್ಟಿದ್ದವು. ಒಬ್ಬಳಿಗೆ ಚಿಕ್ಕದಾದದ್ದನ್ನು ಅವಳಿಗಿಂತ ಚಿಕ್ಕವರಿಗೆ ಹಾಕುತ್ತ ಬಂದಿದ್ದರು.

ಎಲ್ಲರಿಗಿಂತ ಹೊಸ ಅಂಗಿ ತೊಟ್ಟವಳು ಮೆಟ್ಟಿಲ ಮೇಲೆ ಕೂತು ಒಂದು ಮಗುವಿಗೆ ಗುಂಡಿ ಹಾಕುತ್ತಿದ್ದಳು. ಅವಳ ಅಂಗಿಯ ತೋಳೂ ಗಿಡ್ಡವಾಗಿತ್ತು. ಹಡಗಿನವನನ್ನು ಕಂಡು ಎದ್ದು ಬಂದಳು. ಅವನ ಖಾಲಿ ಕೈ ನೋಡಿದಳು. ಗಾಬರಿಯಿಂದ ಏನೋ ಕೇಳಿದಳು.

"ಏನಂತೆ? ಅಂಗಿ ಎಲ್ಲಿ ಅಂತಾಳಾ?" ಎಂದ ದರ್ಜಿ.

"ಇಲ್ಲ ಮಾರಾಯ," ಅಂದ ಹಡಗಿನವನು. "ಅಮ್ಮನಿಗೆ ಹುಷಾರಿಲ್ವಾ ಅಂತ ಕೇಳ್ತಿದಾಳೆ."

ದರ್ಜಿ ಅಲ್ಲೇ ಮೊಣಕಾಲೂರಿದ. ಅವನಿಗೆ ಅವಳ ಮಾತು ಬಾರದು, ಅವಳಿಗೆ ಇವನದು ಬಾರದು. ಗೇಣು ಹಾಕಿ ಅವಳ ತೋಳು ಅಳೆದ. ಬೆನ್ನು ಅಳೆದ. ಆರು ವರ್ಷದಲ್ಲಿ ಮೊದಲ ಸಲ ಅವಳ ಹೆಸರು ಹಿಡಿದು ಕರೆದ. ಅಷ್ಟರಲ್ಲಿ ಹಡಗು ಹೊರಡುವ ಹೊತ್ತಾಯಿತು. ಬಿಟ್ಟು ಬರಲಾಗುವುದಿಲ್ಲ ಅಂದುಕೊಂಡಿದ್ದ. ಬಿಟ್ಟು ಬಂದ. ದಾರಿಯುದ್ದಕ್ಕೂ ಅತ್ತ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಕೊಟ್ಟರಾ?"

"ಇಲ್ಲ."

"ಕೊಡಲ್ಲ ಅಂದರಾ?"

"ಅದನ್ನೂ ಹೇಳಲಿಲ್ಲ."

ದರ್ಜಿ ಕೈಕಾಲು ಕೂಡ ತೊಳೆಯದೆ ಅಂಗಡಿಗೆ ಹೋಗಿ ಹೊಸ ಬಟ್ಟೆ ಬಿಚ್ಚಿ ಹಾಸಿದ. ಕತ್ತರಿ ಹಿಡಿದ.

"ಅವಳ ತೋಳು ನೀನು ಅಂದುಕೊಂಡಿದ್ದಕ್ಕಿಂತ ಉದ್ದ ಕಣೇ," ಅಂದ. "ಎರಡು ಬೆರಳು ಜಾಸ್ತಿ ಬಿಡಬೇಕು."

ಬುದ್ಧಿಯವರು ಅಲ್ಲಿಗೆ ನಿಲ್ಲಿಸಿ, ಬಿಡಿಸಿದ ಕಾಳನ್ನು ಮೊರಕ್ಕೆ ಸುರಿದುಕೊಂಡರು. ದಾಕ್ಷಾಯಿಣಿ ಕಾದಳು. ಅವರು ಮುಂದೆ ಹೇಳುವ ಹಾಗೆ ಕಾಣಲಿಲ್ಲ.

"ಆಮೇಲೆ? ಮಗು ಬಂತಾ, ಬುದ್ಧೀ?"

"ಮುಂದಿನ ಹಡಗು ಇನ್ನೂ ಬಂದಿಲ್ಲ."

"ಹಾಗಂದರೆ ಹೇಗೆ? ನನಗೆ ಜೀವ ಹೊಡಕೊಳ್ತಿದೆ. ಇಷ್ಟೆಲ್ಲ ಮಾಡಿ, ಕೊನೆಗೆ ಆ ಮಗು ನನಗೆ ಸಿಗದೇ ಹೋದರೆ?"

ಬುದ್ಧಿಯವರು ಆಗ ತಲೆ ಎತ್ತಿ ಅವಳನ್ನು ನೋಡಿದರು.

"ಮಗು ನಿನಗೆ ಸಿಗುತ್ತದೋ ಇಲ್ಲವೋ, ಅದನ್ನು ಎರಡು ದೇಶದವರು ಹೇಳಲಿ ತಾಯಿ, ಮಗುವಿಗೆ ನೀನು ಸಿಗುತ್ತೀಯೋ ಇಲ್ಲವೋ, ಅದನ್ನು ನೀನು ಹೇಳು."