ಒಂದು ದಿನ, ಇಪ್ಪತ್ತೆರಡು ಸ್ಥಳ

"ಗುರುಗಳೇ, ಹೊಳೆಯಾಚೆಯ ಮಠದಲ್ಲಿ ಒಂದೇ ವರ್ಷದಲ್ಲಿ ಹದಿನೆಂಟು ಗ್ರಂಥ ಓದಿಸಿ ಮುಗಿಸುತ್ತಾರಂತೆ. ಇಲ್ಲಿ ಎರಡು ವರ್ಷವಾಯಿತು, ಒಂದೂ ಮುಗಿದಿಲ್ಲ. ನಾನು ಅಲ್ಲಿಗೆ ಹೋಗಲೇ?" ಎಂದು ಶಿಷ್ಯ ಕೇಳಿದ.

ಅವನ ಗಂಟು ಆಗಲೇ ಬಾಗಿಲ ಬಳಿ ಕಟ್ಟಿಟ್ಟಿತ್ತು. ಗುರುಗಳು ಅದನ್ನು ನೋಡಿದರು.

"ಹೋಗುವೆಯಂತೆ. ಒಬ್ಬ ನೇಕಾರನ ಸಂಗತಿ ಇದೆ, ಕೇಳಿಕೊಂಡು ಹೋಗು" ಎಂದರು.

ಒಬ್ಬ ನೇಕಾರನಿದ್ದ. ಮನೆಯಲ್ಲೇ ಮಗ್ಗ. ಅವನು ನೇಯುತ್ತಿದ್ದ, ಹೆಂಡತಿ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಕಂಡಿಕೆಯೆಂದರೆ ಲಾಳಿಯೊಳಗೆ ಕೂರುವ ಬೆರಳುದ್ದದ ಕೊಳವೆ. ಅದಕ್ಕೆ ನೂಲು ಸುತ್ತಿ ಕೊಟ್ಟರೆ ಮಗ್ಗ ಓಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಮಕ್ಕಳಿರಲಿಲ್ಲ. ಮೂವತ್ತು ವರ್ಷದಲ್ಲಿ ಅವನ ಲಾಳಿ ಅವಳ ಕಂಡಿಕೆಗಾಗಿ ಒಂದು ದಿನವೂ ಕಾಯಲಿಲ್ಲ.

ಒಂದು ದಿನ ಕಾಯಿತು.

ಅವನು ತಿರುಗಿ ನೋಡಿದ. ಹೆಂಡತಿ ನೂಲಿನ ಲಡಿಗಾಗಿ ನೆಲದ ಮೇಲೆ ಕೈಯಾಡಿಸುತ್ತಿದ್ದಳು. ಲಡಿ ಅವಳ ಪಕ್ಕದಲ್ಲೇ ಬಿದ್ದಿತ್ತು.

"ಅಲ್ಲೇ ಐತಲ್ಲ, ನಿನ್ನ ಮೊಣಕಾಲ ಹಂತ್ಯಾಕ" ಎಂದ.

"ಎದುರಿಗಿದ್ದದ್ದು ಕಾಣತೈತ್ರಿ. ಬಗಲಾಗಿಂದು ಕಾಣಂಗಿಲ್ಲ. ಆರು ತಿಂಗಳಾತು."

"ಆರು ತಿಂಗಳಾತು, ಬಾಯಾಗ ಏನ್ ಕಡಬು ಇಟ್ಕೊಂಡು ಕುಂತಿದ್ದಿ?"

"ಹೇಳಿದ್ರ ಮಗ್ಗ ನಿಲ್ಲತಿತ್ತಲ್ರಿ."

ಅವನು ಅಂದೇ ಮಗ್ಗ ನಿಲ್ಲಿಸಿ ಅವಳನ್ನು ಕಣ್ಣಿನ ವೈದ್ಯನ ಬಳಿಗೆ ಕರೆದೊಯ್ದ. ವೈದ್ಯ ದೀಪ ಹಿಡಿದು ಬಹಳ ಹೊತ್ತು ನೋಡಿದ. ಕಣ್ಣಿನ ಹಿಂದೆ ಒಣಗುತ್ತಾ ಬಂದಿದೆ, ಇದಕ್ಕೆ ಔಷಧವಿಲ್ಲ ಎಂದ. ಈಗ ಅವಳಿಗೆ ಕಾಣುವುದು ಕೊಳವೆಯ ತೂತಿನಲ್ಲಿ ಕಂಡಷ್ಟೇ. ಸಂಜೆಯಾದರೆ ಅದೂ ಇಲ್ಲ. ಆ ತೂತು ದಿನದಿನಕ್ಕೆ ಸಣ್ಣದಾಗುತ್ತ ಹೋಗಿ ಒಂದು ದಿನ ಮುಚ್ಚಿಕೊಳ್ಳುತ್ತದೆ.

"ದೀಪಾವಳಿಯ ತನಕ ದೃಷ್ಟಿ ಇದ್ದರೆ ಪುಣ್ಯ. ನೋಡಬೇಕೆನಿಸಿದ್ದನ್ನು ಬೇಗ ನೋಡಿಕೊಳ್ಳಲಿ" ಎಂದು ವೈದ್ಯ ನೇಕಾರನನ್ನು ಬೇರೆ ಕರೆದು ಹೇಳಿದ. ಹೆಂಡತಿಗೂ ಕೇಳಿಸಿತು. ಕಿವಿಗೇನೂ ಆಗಿರಲಿಲ್ಲ.

ದಾರಿಯಲ್ಲಿ ಅವನು ಕೇಳಿದ. "ಏನು ನೋಡಬೇಕು ಹೇಳು. ಕಾಶಿ ಅಂದ್ರ ಕಾಶಿ."

"ಸಮುದ್ರ" ಎಂದಳು. ಯೋಚಿಸಲೂ ಇಲ್ಲ.

ಅವಳ ಬೆರಳಲ್ಲಿ ಹೆಚ್ಚು ಓಡಿದ ನೂಲಿಗೆ ಅಂಗಡಿಯವರು ಸಮುದ್ರ ನೀಲಿ ಎನ್ನುತ್ತಿದ್ದರು. ಮೂವತ್ತು ವರ್ಷ ಸುತ್ತಿದ್ದಳು. ಆ ಹೆಸರು ಹೌದೋ ಅಲ್ಲವೋ ಒಮ್ಮೆ ನೋಡಬೇಕು, ಅಷ್ಟೇ ಎಂದಳು.

ಆಗ ಅವನ ಮಗ್ಗದ ಮೇಲೆ ಮದುವೆಯ ಸೀರೆಯೊಂದರ ಹಾಸು, ಎಂದರೆ ಉದ್ದದ ಎಳೆಗಳು, ಏರಿತ್ತು. ಮದುವೆಯ ಹಾಸು ಏರಿದ ಮೇಲೆ ಮಗ್ಗ ಮೂರು ದಿನಕ್ಕಿಂತ ಹೆಚ್ಚು ಸುಮ್ಮನೆ ನಿಲ್ಲಬಾರದು, ನಿಂತರೆ ಅದನ್ನು ಉಡುವ ಹುಡುಗಿಗೆ ಒಳ್ಳೆಯದಲ್ಲ ಎಂದು ಅವರಲ್ಲಿ ನಂಬಿಕೆ. ಸೀರೆ ನೇಯ್ದು ಇಳಿಯಲು ಇನ್ನೂ ಒಂದೂವರೆ ತಿಂಗಳು. ಅಷ್ಟು ಕಾಯುವ ಧೈರ್ಯ ಅವನಿಗೆ ಬರಲಿಲ್ಲ. ಕಡಲ ದಂಡೆಯ ದೊಡ್ಡ ಪಟ್ಟಣಕ್ಕೆ ರೈಲಿನಲ್ಲಿ ಹೋಗಲು ಒಂದು ದಿನ, ಬರಲು ಒಂದು ದಿನ. ನಡುವೆ ಒಂದು ಹಗಲು ಸಿಗುತ್ತಿತ್ತು. ಇಬ್ಬರೂ ಹೊರಟರು.

ಬೆಳಗ್ಗೆ ರೈಲಿಳಿದರು. ನಿಲ್ದಾಣದ ಹೊರಗೆ ಊರು ತೋರಿಸುವವರು ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ ಮುತ್ತಿದರು. ಮೊದಲು ಬಂದವನು ಒಬ್ಬ ದೋಣಿಯವನು.

"ಬನ್ನಿ ಯಜಮಾನರೇ, ಮಧ್ಯಾಹ್ನದ ತನಕ ದೋಣಿ" ಎಂದ.

"ಏನೇನು ತೋರಸ್ತಿ?"

"ನೀರು."

"ಮತ್ತ?"

"ನೀರೇ. ಅಲ್ಲಿ ಮತ್ತೇನಿದೆ?"

ನೇಕಾರನಿಗೆ ನಗು ಬಂತು. "ನೀರು ನೋಡಾಕ ನಿನಗ ರೊಕ್ಕ ಕೊಡಬೇಕೇನೋ? ನಮ್ಮೂರ ಬಾವ್ಯಾಗ ಬಿಟ್ಟಿ ಕಾಣತೈತಿ."

ದೋಣಿಯವನು ಬೇರೆ ಗಿರಾಕಿ ನೋಡಿಕೊಂಡ.

ಮುಂದೆ ಎರಡು ಬಸ್ಸು ನಿಂತಿದ್ದವು. ಒಂದರ ಹಲಗೆಯ ಮೇಲೆ ಎಂಟು ಸ್ಥಳ ಎಂದು ಬರೆದಿತ್ತು. ಇನ್ನೊಂದರ ಮೇಲೆ ಒಂದು ದಿನ, ಇಪ್ಪತ್ತೆರಡು ಸ್ಥಳ, ಮಾರ್ಗದರ್ಶಿ ಸಹಿತ ಎಂದು ಬರೆದಿತ್ತು. ಎರಡನೆಯ ಬಸ್ಸಿನವರು ಸ್ಥಳಗಳ ಪಟ್ಟಿಯನ್ನೂ ಕೈಗೆ ಕೊಟ್ಟರು. ನೇಕಾರ ಬೆರಳಿಟ್ಟು ಎಣಿಸಿದ. ಇಪ್ಪತ್ತೆರಡು ಸರಿಯಾಗಿದ್ದವು. ಸಮುದ್ರ ಒಂಬತ್ತನೆಯದು.

ಬಟ್ಟೆಯ ಮೇಲೆ ಗಾಜಿಟ್ಟು, ಅಂಗುಲಕ್ಕೆ ಎಷ್ಟು ಎಳೆ ಎಂದು ಎಣಿಸಿ, ಎಳೆ ಹೆಚ್ಚಿದ್ದದ್ದನ್ನು ಒಳ್ಳೆಯದೆನ್ನುವುದು ಅವನ ಕಸುಬು. ಇರುವುದು ಒಂದೇ ಹಗಲು. ಮುಂದೆ ಎಷ್ಟೋ ವರ್ಷ ಕತ್ತಲು. ಆ ಕತ್ತಲಿಗೆ ಅವಳ ಕಣ್ಣಿನಲ್ಲಿ ಹಿಡಿಸುವಷ್ಟು ತುಂಬಿಕೊಂಡು ಹೋಗಬೇಕು ಎಂದುಕೊಂಡ. ಅವನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ.

"ನನಗ ಸಮುದ್ರ ಒಂದು ಸಾಕ್ರಿ" ಎಂದಳು ಹೆಂಡತಿ.

"ಸಮುದ್ರಾನೂ ಐತಿ, ಮ್ಯಾಲೆ ಇಪ್ಪತ್ತೊಂದು ಐತಿ. ಸುಮ್ನ ಹತ್ತು" ಎಂದ.

ಹತ್ತಿದಳು.

ಮಾರ್ಗದರ್ಶಿ ಒಳ್ಳೆಯ ಮನುಷ್ಯ. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಉದ್ದನೆಯ ಕೋಲಿಗೆ ಕೆಂಪು ಬಾವುಟ ಕಟ್ಟಿ ಹಿಡಿದಿದ್ದ. ಬಸ್ಸು ಹೊರಡುವ ಮೊದಲು ಮೂರು ಭಾಷೆಯಲ್ಲಿ ಒಂದೇ ಮಾತು ಹೇಳಿದ.

"ಇದು ದೊಡ್ಡ ಊರು. ನಾನು ಕಾಣದಿದ್ದರೂ ಚಿಂತೆಯಿಲ್ಲ, ಬಾವುಟ ಕಾಣಬೇಕು. ಬಾವುಟ ತಪ್ಪಿದವರು ಈ ಊರಲ್ಲಿ ಸಿಗುವುದಿಲ್ಲ."

ನೇಕಾರ ಹೆಂಡತಿಯ ಕಡೆ ನೋಡಿದ. ಬೀದಿಯಲ್ಲಿ ಹೆಂಡತಿಯ ಕೈ ಹಿಡಿದು ನಡೆಯುವುದು ಅವರ ಕಡೆ ಇಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಹಿಡಿದವನಲ್ಲ. ಅಂದೂ ಹಿಡಿಯಲಿಲ್ಲ. ಬದಲಿಗೆ ಮಾತಿನಲ್ಲಿ ಹೇಳಿದ.

"ಕೇಳಿದೇನು? ಬಾವುಟದ ಮ್ಯಾಲಿಂದ ಕಣ್ಣು ತಗೀಬ್ಯಾಡ. ಏನಾರ ಆಗಲಿ, ತಗೀಬ್ಯಾಡ."

"ಆತ್ರಿ" ಎಂದಳು.

ಕೋಟೆ ನೋಡಿದರು. ಗಡಿಯಾರದ ಗೋಪುರ ನೋಡಿದರು. ತಿಮಿಂಗಿಲದ ಎಲುಬಿಟ್ಟ ಮನೆ ನೋಡಿದರು. ಯಾವನೋ ಸತ್ತ ಸಾಹುಕಾರನ ಬಂಗಲೆ ನೋಡಿದರು. ಒಂದೊಂದಕ್ಕೆ ಹತ್ತು ನಿಮಿಷ, ಹದಿನೈದು ನಿಮಿಷ. ಮಾರ್ಗದರ್ಶಿ ಮೊದಲು ಎರಡು ಭಾಷೆಯಲ್ಲಿ ಹೇಳಿ ಕನ್ನಡಕ್ಕೆ ಬರುವ ಹೊತ್ತಿಗೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ನೇಕಾರ ಪ್ರತಿ ಸ್ಥಳಕ್ಕೂ ಪಟ್ಟಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದ. ಮೋಸ ಹೋಗಬಾರದು ಎಂಬುದೊಂದೇ ಅವನ ಎಚ್ಚರ.

ಎಂಟನೆಯದು ಮೀನಿನ ಮನೆ. ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಮೀನು ಇಟ್ಟಿರುತ್ತಾರೆ. ಅಂದು ಅದಕ್ಕೆ ಬೀಗ ಹಾಕಿತ್ತು. ಬಸ್ಸು ನಿಲ್ಲದೆ ಮುಂದೆ ಹೋಯಿತು. ಪೆನ್ಸಿಲು ಹಿಡಿದ ನೇಕಾರನ ಕೈ ಹಾಗೇ ನಿಂತಿತು.

ಒಂಬತ್ತನೆಯ ಸ್ಥಳ ಬಂತು. ಎಲ್ಲರೂ ಇಳಿದರು. ನೇಕಾರ ಇಳಿದವನೇ ಮಾರ್ಗದರ್ಶಿಯನ್ನು ಹಿಡಿದ.

"ಇಪ್ಪತ್ತೆರಡು ಅಂತ ಕರಕೊಂಡು ಬಂದು ಇಪ್ಪತ್ತೊಂದು ತೋರಿಸಿದ್ರ ಹೆಂಗ?"

"ಕಾಕಾ, ಬೀಗ ನಾ ಹಾಕೇನೇನು?"

"ಬೀಗ ಯಾರಾರ ಹಾಕಲಿ. ಲೆಕ್ಕ ಲೆಕ್ಕನ. ನಾ ನೇಯೋ ಸೀರ್‍ಯಾಗ ಒಂದು ಎಳಿ ಕಮ್ಮಿ ಬಂದ್ರ ಅಂಗಡ್ಯಾಂವ ತಗೋತಾನೇನು?"

"ಮೀನ ಬೇಕಲ್ಲ ನಿಮಗ? ಸಂಜಿಮುಂದ ಮೀನ ಮಾರ್ಕೆಟ್ ಐತಿ. ಅಲ್ಲಿ ಬೇಕಾದಷ್ಟು ನೋಡ್ರಿ. ವಾಸನಿ ಬಿಟ್ಟಿ."

ಸುತ್ತ ನಿಂತವರು ನಕ್ಕರು. ನೇಕಾರನಿಗೆ ರೇಗಿತು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಮಾರ್ಗದರ್ಶಿ ಬೇರೊಂದು ಸ್ಥಳ ಸೇರಿಸಿ ಇಪ್ಪತ್ತೆರಡು ಮಾಡಿಕೊಡುತ್ತೇನೆಂದು ಒಪ್ಪಿದ. ಅಷ್ಟರಲ್ಲಿ ಹಾರ್ನ್ ಆಯಿತು. ನೇಕಾರ ಒಂಬತ್ತಕ್ಕೆ ಗೆರೆ ಎಳೆದು ಬಸ್ಸು ಹತ್ತಿದ. ಹೆಂಡತಿ ಬಂದು ಪಕ್ಕದಲ್ಲಿ ಕುಳಿತಳು. ಸೀರೆಯ ಅಂಚು ಒದ್ದೆಯಾಗಿತ್ತು. ಅವನು ನೋಡಿಯೂ ಕೇಳಲಿಲ್ಲ. ಗೆದ್ದ ಖುಷಿಯಲ್ಲಿದ್ದ.

ಉಳಿದ ಹದಿಮೂರೂ, ಹೊಸದಾಗಿ ಸೇರಿಸಿದ ಒಂದೂ ಮುಗಿದವು. ಸೂರ್ಯ ಮುಳುಗುವ ಹೊತ್ತಿಗೆ ಬಸ್ಸು ಅವರನ್ನು ರೈಲು ನಿಲ್ದಾಣದ ಮುಂದೆ ಇಳಿಸಿತು. ರೈಲಿಗೆ ಇನ್ನೂ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕುಳಿತರು. ಗಂಟು ಬಿಚ್ಚಿ ರೊಟ್ಟಿ ತೆಗೆದರು. ನೇಕಾರ ಪಟ್ಟಿಯನ್ನು ಮಡಿಚಿ ಅಂಗಿಯ ಜೇಬಿಗಿಟ್ಟ. ಹಗಲು ಸಾರ್ಥಕವಾಯಿತು ಎನಿಸಿತು.

"ಹೇಳು ಮತ್ತ. ಆ ನೀಲಿ ಹೌದೋ, ಅಂಗಡ್ಯಾರು ಸುಳ್ಳು ಹೇಳ್ಯಾರೋ?"

ಅವಳು ರೊಟ್ಟಿ ಮುರಿಯುತ್ತಿದ್ದಳು.

"ನಾ ನೋಡಲಿಲ್ರಿ" ಎಂದಳು.

"ನೋಡಲಿಲ್ಲ ಅಂದ್ರ?"

"ನೀವ ಹೇಳಿದ್ರಲ್ಲ, ಬಾವುಟದ ಮ್ಯಾಲಿಂದ ಕಣ್ಣು ತಗೀಬ್ಯಾಡ ಅಂತ. ಆ ಮನಶಾ ಬಾವುಟಾ ಹಿಡಕೊಂಡು ರಸ್ತೆದ ಕಡಿ ಕಟ್ಟಿ ಮ್ಯಾಲೆ ನಿಂತಿದ್ದ. ನೀವೂ ಅಲ್ಲೇ ಜಗಳಾ ಮಾಡಾಕ ಹತ್ತಿದ್ರಿ. ನಾ ಅತ್ತಾಗ ಮಾರಿ ಮಾಡಿ, ನೀರಿನ ಕಡಿ ಹಿಂದ ಹಿಂದ ಸರದು ನಿಂತಿದ್ನಿ. ಹಿಂದಿಂದ ನೀರು ಬಂದು ಹಿಮ್ಮಡಕ್ಕ ಬಡೀತು. ಎರಡು ಸಲ ಬಡೀತು. ತಿರುಗಿದ್ರ ಬಾವುಟಾ ಮತ್ತ ಸಿಗತೈತೋ ಇಲ್ಲೋ ಅಂತ ತಿರುಗಲಿಲ್ಲ."

ನೇಕಾರ ತುತ್ತನ್ನು ಕೆಳಗಿಟ್ಟ. ಅವಳಿಗೆ ಕಾಣುವುದು ತೂತಿನಷ್ಟು. ಆ ತೂತಿನಲ್ಲಿ ಬಾವುಟವಿದ್ದರೆ ಬೇರೆ ಯಾವುದಕ್ಕೂ ಜಾಗವಿಲ್ಲ. ಕೋಟೆಯ ಮುಂದೆಯೂ, ಗೋಪುರದ ಮುಂದೆಯೂ, ಇಪ್ಪತ್ತೆರಡು ಕಡೆಯೂ ಅವಳು ಕಂಡದ್ದು ಅದೊಂದನ್ನೇ. ಅದು ಅವನಿಗೆ ಈಗ ಹೊಳೆಯಿತು.

ಅವನು ಎದ್ದು ನಿಂತ. "ರೈಲು ಹೋಗಲಿ. ಮುಂಜಾನೆ ಎದ್ದು ನೋಡಿಕೊಂಡ ಹೋಗೂಣು" ಎಂದ.

ಅವಳು ತಲೆಯಾಡಿಸಿದಳು. "ಮಗ್ಗದ ಮ್ಯಾಲೆ ಮದಿವಿ ಸೀರಿ ಐತಿ. ನಾಳಿಗೆ ಮೂರು ದಿನ ತುಂಬತಾವು. ಮಂದಿ ಹುಡುಗಿ, ನಮ್ಮ ಸಲುವಾಗಿ ಆಕಿಗೆ ಯಾಕ ಕೇಡು? ಸೀರಿ ಇಳಿಸಿ ಬರೂಣು. ಸಮುದ್ರ ಎಲ್ಲಿಗೂ ಹೋಗಂಗಿಲ್ಲ."

ಇಬ್ಬರೂ ರೈಲು ಹತ್ತಿದರು.

ಊರಿಗೆ ಬಂದ ಮೇಲೆ ಅವನು ಹಗಲು ಹುಟ್ಟುವ ಮೊದಲೇ ಮಗ್ಗದ ಗುಂಡಿಗೆ ಇಳಿಯತೊಡಗಿದ. ಊಟಕ್ಕೂ ಸರಿಯಾಗಿ ಏಳುತ್ತಿರಲಿಲ್ಲ. ಒಂದೂವರೆ ತಿಂಗಳ ಸೀರೆಯನ್ನು ಒಂದು ತಿಂಗಳಿಗೆ ತಂದ. ಅವಳು ತಡವರಿಸುತ್ತಲೇ ಕಂಡಿಕೆ ಸುತ್ತಿ ಕೊಟ್ಟಳು. ಸೀರೆ ಇನ್ನೊಂದು ಗೇಣು ಉಳಿದಿರುವಾಗ ಒಂದು ಬೆಳಗ್ಗೆ ಕಂಡಿಕೆ ಬರಲಿಲ್ಲ.

ಅವನು ತಿರುಗಲಿಲ್ಲ. ತಿರುಗದೆಯೇ ತಿಳಿಯಿತು.

"ಬೆಳಕಾಗೇತೇನ್ರಿ?" ಎಂದು ಅವಳು ಕೇಳಿದಳು.

ಬಿಸಿಲು ಅವಳ ಮಡಿಲಿನ ತನಕ ಬಂದಿತ್ತು.

"ಆಗೇತಿ" ಎಂದ.

ಅವಳು ಅಳಲಿಲ್ಲ. "ಅಂದು ನಿಮ್ಮ ಕಣ್ಣು ಚಲೋ ಇದ್ದೂ. ನೀವಾರ ನೋಡೀರಲ್ಲ. ಹೆಂಗಿತ್ತು, ಹೇಳ್ರಿ" ಎಂದಳು.

ನೇಕಾರ ನೆನಪು ಮಾಡಿಕೊಂಡ. ಒಂಬತ್ತನೆಯದು ಎಂಬುದು ನೆನಪಿಗೆ ಬಂತು. ಮಾರ್ಗದರ್ಶಿಯ ಮುಖ ನೆನಪಿಗೆ ಬಂತು. ತಾನು ಆಡಿದ ಮಾತು ಒಂದೂ ಬಿಡದಂತೆ ನೆನಪಿಗೆ ಬಂತು. ನೀರು ಮಾತ್ರ ನೆನಪಿಗೆ ಬರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಎಲ್ಲ ಆ ಮಾರ್ಗದರ್ಶಿಯಿಂದ ಆಯಿತು. ಅವನು ಸರಿಯಾದವನಲ್ಲ" ಎಂದ ಶಿಷ್ಯ.

"ಹಾಗೆನ್ನಬೇಡ. ಅವನ ಹಿಂದೆ ಹೋದವರಲ್ಲಿ ಒಬ್ಬರೂ ದಾರಿ ತಪ್ಪಲಿಲ್ಲ" ಎಂದರು ಗುರುಗಳು.

ಶಿಷ್ಯ ಎದ್ದು ಹೋಗಿ ಬಾಗಿಲ ಬಳಿಯ ಗಂಟು ಬಿಚ್ಚಿದ.